ನಿಮಗಿದು ಗೊತ್ತೇ? ಕ್ಲೌನ್ ಮೀನಿಗೆ ಅನೆಮೊನಿ ಬೇಕೇ ಬೇಕೆ?

ಉಪ್ಪುನೀರಿನ ರೀಫ್ ಟ್ಯಾಂಕ್ ಇರುವ ಮನೆಗೆ ಕಿತ್ತಳೆ ಬಣ್ಣದ ಕ್ಲೌನ್ ಮೀನಿನ ಜೋಡಿ ಬಂತೆಂದರೆ ಅದರ ಹಿಂದೆಯೇ ಒಂದು ಮಾತೂ ಬರುತ್ತದೆ: "ಇವಕ್ಕೊಂದು ಅನೆಮೊನಿ ತರಬೇಕಲ್ಲ?" ಅಂಗಡಿಗೆ ಹೊರಡುವ ಮುಂಚೆ ಇಷ್ಟು ಓದಿಬಿಡಿ.

ಕಡಲಿನಲ್ಲಿ ಅನೆಮೊನಿ, ಅಂದರೆ ಕುಟುಕುವ ಕರಬಳ್ಳಿಗಳ ಕಡಲಜೀವಿ, ಇಲ್ಲದ ಕ್ಲೌನ್ ಮೀನಿಗೆ ಉಳಿಗಾಲವಿಲ್ಲ. ಗಾಜಿನ ಟ್ಯಾಂಕಿನಲ್ಲಿ ಅದೇ ಮೀನು ಅನೆಮೊನಿಯ ಮುಖವನ್ನೇ ನೋಡದೆ ಹತ್ತಾರು ವರ್ಷ ಬದುಕುತ್ತದೆ. ಕಾರಣ ಸರಳ. ಇದು ವೇಗವಾಗಿ ಈಜಲಾರದ, ಬಣ್ಣದಿಂದಲೇ ದೂರಕ್ಕೆ ಕಾಣುವ ಪುಟ್ಟ ಮೀನು. ಬಯಲಿಗೆ ಬಂದರೆ ದೊಡ್ಡ ಮೀನಿನ ಬಾಯಿಗೆ ಸೇರುತ್ತದೆ. ಕುಟುಕುವ ಅನೆಮೊನಿಯೇ ಅದಕ್ಕೆ ಕೋಟೆ. ನಿಮ್ಮ ಟ್ಯಾಂಕಿನಲ್ಲಿ ಅದನ್ನು ತಿನ್ನುವವರು ಯಾರೂ ಇಲ್ಲ, ಆದ್ದರಿಂದ ಕೋಟೆಯ ಅಗತ್ಯವೂ ಇಲ್ಲ.

ಇಂದು ಮಾರಾಟಕ್ಕೆ ಬರುವ ಬಹಳಷ್ಟು ಕ್ಲೌನ್ ಮೀನುಗಳು ಹ್ಯಾಚರಿಯಲ್ಲಿ ಹುಟ್ಟಿದವು. ಅವುಗಳ ಅಪ್ಪ-ಅಮ್ಮ, ಅಜ್ಜ-ಅಜ್ಜಿಯರೂ ಎಷ್ಟೋ ಸಲ ಟ್ಯಾಂಕಿನಲ್ಲೇ ಹುಟ್ಟಿದವರು. ಅನೆಮೊನಿ ಇಲ್ಲದ ಬದುಕು ಅವಕ್ಕೆ ಹೊಸದಲ್ಲ. ನಮ್ಮ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕೂಡ ಕ್ಲೌನ್ ಮೀನುಗಳ ಮರಿ ಮಾಡಿಸುವ ವಿಧಾನವನ್ನು ರೂಪಿಸಿದೆ.

ಜಗತ್ತಿನಲ್ಲಿ ಸಾವಿರಕ್ಕೂ ಹೆಚ್ಚು ಬಗೆಯ ಕಡಲ ಅನೆಮೊನಿಗಳಿವೆ. ಕ್ಲೌನ್ ಮೀನಿಗೆ ಮನೆಯಾಗುವುದು ಅವುಗಳಲ್ಲಿ ಸುಮಾರು 10 ಮಾತ್ರ!

ಆ ಹತ್ತರಲ್ಲೂ ಎಲ್ಲವೂ ಎಲ್ಲರಿಗೂ ಒಗ್ಗುವುದಿಲ್ಲ. ಕ್ಲಾರ್ಕಿ ಜಾತಿಯ ಕ್ಲೌನ್ ಹತ್ತರಲ್ಲಿ ಯಾವುದಕ್ಕಾದರೂ ಹೊಂದಿಕೊಳ್ಳುತ್ತದೆ. ಮರೂನ್ ಕ್ಲೌನ್ ಕಡಲಿನಲ್ಲಿ ಬಬಲ್ ಟಿಪ್ ಎಂಬ ಒಂದೇ ಒಂದು ಅನೆಮೊನಿಯನ್ನು ನಂಬಿಕೊಂಡಿದೆ. 2003ರ 'ಫೈಂಡಿಂಗ್ ನೀಮೊ' ಸಿನಿಮಾದಿಂದ ಮನೆಮಾತಾದ ಒಸೆಲ್ಲಾರಿಸ್ ಕ್ಲೌನ್‌ಗೆ ಕಡಲಿನಲ್ಲಿ ಮೂರು ಮನೆಗಳು: ಮ್ಯಾಗ್ನಿಫಿಕಾ, ಮತ್ತು ಕಾರ್ಪೆಟ್ ಎಂದು ಕರೆಯುವ ಎರಡು ಬಗೆ. ಈ ಮೂರೂ ದೊಡ್ಡದಾಗಿ ಬೆಳೆಯುವ, ಟ್ಯಾಂಕಿನಲ್ಲಿ ಉಳಿಸಿಕೊಳ್ಳಲು ಬಲು ಕಷ್ಟವಾದ ಅನೆಮೊನಿಗಳು. ಸಾಕಲು ಸುಲಭವೆಂದು ಎಲ್ಲರೂ ಹೇಳುವ ಬಬಲ್ ಟಿಪ್ ಒಸೆಲ್ಲಾರಿಸ್‌ನ ಸಹಜ ಮನೆಗಳ ಪಟ್ಟಿಯಲ್ಲೇ ಇಲ್ಲ. ಹಾಗಿದ್ದರೂ ಟ್ಯಾಂಕಿನಲ್ಲಿ ಅನೇಕ ಜೋಡಿಗಳು ಅದನ್ನು ಒಪ್ಪಿಕೊಳ್ಳುತ್ತವೆ. ಅನೇಕ ಜೋಡಿಗಳು, ಎಲ್ಲವೂ ಅಲ್ಲ. ಕೆಲವು ಬಿಟ್ಟ ಗಳಿಗೆಯಲ್ಲೇ ನುಗ್ಗುತ್ತವೆ, ಕೆಲವಕ್ಕೆ ತಿಂಗಳುಗಳು ಬೇಕು, ಇನ್ನು ಕೆಲವು ಪಕ್ಕದಲ್ಲೇ ಇದ್ದರೂ ಕಣ್ಣೆತ್ತಿ ನೋಡುವುದಿಲ್ಲ. ದುಡ್ಡು ಕೊಟ್ಟವರಿಗೆ ಇದರಲ್ಲಿ ಯಾವ ಖಾತರಿಯೂ ಇಲ್ಲ.

ಅಟ್ಲಾಂಟಿಕ್ ಸಾಗರದಲ್ಲಿ ಕ್ಲೌನ್ ಮೀನುಗಳೇ ಇಲ್ಲ. ಹವಾಯಿ ದ್ವೀಪಗಳಲ್ಲೂ ಇಲ್ಲ. ಹಾಗಾಗಿ ಕೆರಿಬಿಯನ್ ಕಡಲಿನಿಂದ ಬರುವ ಕಾಂಡಿಲ್ಯಾಕ್ಟಿಸ್ ಎಂಬ ಅನೆಮೊನಿಗೂ ಕ್ಲೌನ್ ಮೀನಿಗೂ ಹುಟ್ಟಿನಿಂದ ಪರಿಚಯವಿಲ್ಲ. ಬೆಲೆ ಕಡಿಮೆ ಎಂದು ಅದನ್ನು ತಂದರೆ ಅದು ಮೀನನ್ನೇ ಹಿಡಿದು ತಿನ್ನಬಹುದು.

ಮನೆ ಬೇಕೆನಿಸಿದ ಕ್ಲೌನ್ ಅನೆಮೊನಿಗಾಗಿ ಕಾಯುತ್ತ ಕೂರುವುದಿಲ್ಲ. ಟಾರ್ಚ್, ಹ್ಯಾಮರ್, ಡಂಕನ್ ಎಂಬ ಹೆಸರಿನ ಹವಳಗಳಲ್ಲಿ ಹೊರಳುತ್ತದೆ, ಮೆತ್ತನೆಯ ಲೆದರ್ ಹವಳಕ್ಕೆ ಒರಗುತ್ತದೆ, ಪಂಪಿನ ಹಿಂದೆ ಮೂಲೆ ಹಿಡಿಯುತ್ತದೆ, ಒಮ್ಮೊಮ್ಮೆ ಗಾಜು ಉಜ್ಜುವ ಆಯಸ್ಕಾಂತದ ಪಕ್ಕದಲ್ಲೇ ಮಲಗುತ್ತದೆ.

ಅನೆಮೊನಿಯ ಕುಟುಕು ಮೀನಿಗೆ ಯಾಕೆ ತಾಗುವುದಿಲ್ಲ? ಅನೆಮೊನಿಯ ಕರಬಳ್ಳಿಗಳ ತುಂಬ ಕುಟುಕು ಕಣಗಳಿವೆ. ಪ್ರತಿಯೊಂದರಲ್ಲೂ ಸುತ್ತಿಟ್ಟ ಒಂದು ವಿಷದ ಎಳೆ. ಅನೆಮೊನಿಯ ಬಂಧುವಾದ ಹೈಡ್ರಾದಲ್ಲಿ ಅಳೆದು ನೋಡಿದಾಗ ಅಂಥ ಕಣದ ಮುಳ್ಳು ಹೊರಚಿಮ್ಮಲು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗವೂ ಹಿಡಿಯಲಿಲ್ಲ. ಇಷ್ಟು ಚುರುಕಾದ ಆಯುಧದಿಂದ ಕ್ಲೌನ್ ಮೀನನ್ನು ಕಾಪಾಡುವುದು ಅದರ ಮೈಮೇಲಿನ ಲೋಳೆ. ಆ ಲೋಳೆ ಕುಟುಕು ಕಣಗಳನ್ನು ಕೆರಳಿಸುವುದಿಲ್ಲ.

ಹೊಸ ಅನೆಮೊನಿಗೆ ಕ್ಲೌನ್ ಒಗ್ಗಿಕೊಳ್ಳುವುದನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಮೊದಲು ಬಾಲದ ತುದಿ ಸೋಕಿಸಿ ಹಿಂದಕ್ಕೆ ಹಾರುತ್ತದೆ. ಮತ್ತೆ ಬಂದು ಹೊಟ್ಟೆಯ ಕೆಳಭಾಗವನ್ನು ಒಂದೇ ಒಂದು ಕರಬಳ್ಳಿಗೆ ತಾಗಿಸುತ್ತದೆ. ಬಳ್ಳಿ ಅಂಟಿದರೆ ಮೈ ಕೊಡವಿ ಬಿಡಿಸಿಕೊಳ್ಳುತ್ತದೆ. ಮತ್ತೆ ಒಂದು ಪಕ್ಕೆ, ಆಮೇಲೆ ಇನ್ನೊಂದು. ಅಂಟುವುದು ಕಡಿಮೆಯಾದಂತೆ ಧೈರ್ಯ ಹೆಚ್ಚುತ್ತದೆ. ಕೊನೆಗೆ ತಲೆಯನ್ನೇ ನುಗ್ಗಿಸಿ ಒಳಗೆ ಮಾಯವಾಗುತ್ತದೆ. ಕಡಲ ಜೀವಿಗಳ ಬದುಕಿನಲ್ಲಿ ನಾವು ಮನೆಯಲ್ಲಿ ಕುಳಿತು ನೋಡಬಹುದಾದ ಇಷ್ಟು ಚೆಂದದ ದೃಶ್ಯ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅನೆಮೊನಿ ಬೇಕೆನ್ನುವವರ ಆಸೆ ನನಗೆ ಅರ್ಥವಾಗುವುದೂ ಇದಕ್ಕಾಗಿಯೇ.

ಈ ಜೊತೆಬಾಳನ್ನು ಬ್ರಿಟನ್ನಿನ ನಿಸರ್ಗಶಾಸ್ತ್ರಜ್ಞ ಕತ್‌ಬರ್ಟ್ ಕಾಲಿಂಗ್‌ವುಡ್ 1868ರಲ್ಲೇ ಬರೆದು ದಾಖಲಿಸಿದ್ದರು.

ಅನೆಮೊನಿ ಗಿಡವಲ್ಲ, ಪ್ರಾಣಿ. ಮಿದುಳಿಲ್ಲ, ಹೃದಯವಿಲ್ಲ. ತಿನ್ನುವುದಕ್ಕೂ ಹೊರಹಾಕುವುದಕ್ಕೂ ಒಂದೇ ಬಾಯಿ.

ಇದರ ಆಯಸ್ಸು ಎಷ್ಟು? 1828ರಲ್ಲಿ ಸ್ಕಾಟ್ಲೆಂಡಿನ ನಾರ್ತ್ ಬೆರಿಕ್ ತೀರದಿಂದ ಸರ್ ಜಾನ್ ಗ್ರಹಾಂ ಡಾಲ್ಯೆಲ್ ಎಂಬ ನಿಸರ್ಗಶಾಸ್ತ್ರಜ್ಞರು ಒಂದು ಅನೆಮೊನಿಯನ್ನು ತಂದು ಗಾಜಿನ ಪಾತ್ರೆಯಲ್ಲಿ ಸಾಕಿದರು. 1851ರಲ್ಲಿ ಡಾಲ್ಯೆಲ್ ತೀರಿಕೊಂಡರು, ಅನೆಮೊನಿ ಬದುಕಿತ್ತು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ, 'ಗ್ರ್ಯಾನಿ' ಎಂಬ ಹೆಸರು ಗಳಿಸಿ, ನೂರಾರು ಮರಿಗಳನ್ನು ಹಾಕಿ, 1887ರಲ್ಲಿ ಎಡಿನ್‌ಬರದಲ್ಲಿ ಸತ್ತಿತು. ಅದು ಕ್ಲೌನ್ ಮೀನಿಗೆ ಮನೆಯಾಗುವ ಜಾತಿಯಲ್ಲ, ತಂಪು ಕಡಲಿನ ಪುಟ್ಟ ಅನೆಮೊನಿ. ಆದರೂ ಒಂದು ಪಾತ್ರೆ ಉಪ್ಪುನೀರಿನಲ್ಲಿ ಸುಮಾರು 60 ವರ್ಷ ಬಾಳಿದ ಜೀವವನ್ನು ನೆನೆದಾಗ, ಇಂದಿನ ಟ್ಯಾಂಕುಗಳಲ್ಲಿ ಎಷ್ಟೋ ಅನೆಮೊನಿಗಳು ಕೆಲವೇ ತಿಂಗಳಲ್ಲಿ ಸಾಯುವುದು ಮನಸ್ಸನ್ನು ಚುಚ್ಚುತ್ತದೆ.

ಅವು ಸಾಯುವ ಮುಖ್ಯ ಕಾರಣಗಳಲ್ಲೊಂದು ಹಸಿವು. ಅದೂ ಬೆಳಕಿನ ಹಸಿವು. ಕ್ಲೌನ್ ಮೀನಿಗೆ ಮನೆಯಾಗುವ ಅನೆಮೊನಿಗಳ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಅನೆಮೊನಿಗೂ ಕೊಡುತ್ತದೆ. ಮೀನು ಚೆನ್ನಾಗಿ ಕಂಡರೆ ಸಾಕು ಎಂದು ಹಾಕಿದ ಸಾದಾ ದೀಪದಲ್ಲಿ ಈ ಪಾಚಿ ಬದುಕದು. ಹವಳ ಬೆಳೆಸುವಷ್ಟು ಪ್ರಖರವಾದ ಲೈಟ್ ಇಲ್ಲದಿದ್ದರೆ ಅನೆಮೊನಿಯ ಯೋಚನೆಯನ್ನು ಅಲ್ಲಿಗೇ ಕೈಬಿಡಿ. ಬೆಳಕಿನ ಜೊತೆಗೆ ವಾರಕ್ಕೊಂದೆರಡು ಸಲ ಸಿಗಡಿಯ ಚಿಕ್ಕ ತುಣುಕು ಕೊಟ್ಟರೆ ಆಯಿತು.

ಬೆಳ್ಳಗೆ ಹೊಳೆಯುವ ಅನೆಮೊನಿ ಚೆಂದವೆಂದು ಕೊಳ್ಳುವವರಿದ್ದಾರೆ. ಸಾಮಾನ್ಯವಾಗಿ ಆ ಬಿಳುಪು ಪಾಚಿಯನ್ನು ಕಳೆದುಕೊಂಡ ಜೀವದ ಬಿಳುಪು. ಹಳದಿ, ನೇರಳೆ ಬಣ್ಣ ಕಣ್ಣು ಕುಕ್ಕುವಂತಿದ್ದರೆ ಕೃತಕ ಬಣ್ಣ ಹಾಕಿರುವ ಸಾಧ್ಯತೆಯೂ ಉಂಟು.

ಟ್ಯಾಂಕಿಗೆ ಎಷ್ಟು ವಯಸ್ಸಾಗಿರಬೇಕು? ಕನಿಷ್ಠ ಆರು ತಿಂಗಳು ಎಂದು ಹಲವರು ಹೇಳುತ್ತಾರೆ. ವರ್ಷ ತುಂಬಲಿ ಎನ್ನುತ್ತೇನೆ ನಾನು. ಅಮೋನಿಯಾ, ನೈಟ್ರೈಟ್ ಸೊನ್ನೆಗೆ ಬಂದರಷ್ಟೇ ಸಾಲದು. ಉಪ್ಪಿನ ಅಂಶ ಲೀಟರಿಗೆ 35 ಗ್ರಾಂ ಆಸುಪಾಸಿನಲ್ಲಿ, ಶಾಖ 25ರಿಂದ 27 ಡಿಗ್ರಿಯಲ್ಲಿ, ತಿಂಗಳುಗಟ್ಟಲೆ ಏರುಪೇರಿಲ್ಲದೆ ನಿಂತಿರಬೇಕು. ಬೋರ್‌ವೆಲ್ ನೀರು ಬೇಡ. ಆರ್‌ಓ ನೀರಿಗೆ ಉಪ್ಪುನೀರಿನ ಅಕ್ವೇರಿಯಂಗೆಂದೇ ತಯಾರಿಸಿದ ಸಮುದ್ರದ ಉಪ್ಪು ಬೆರೆಸಿದ್ದೇ ಆಗಬೇಕು. ಮಂಗಳೂರು, ರಾಯಚೂರಿನ ಬೇಸಿಗೆಯಲ್ಲಿ ನೀರು ತಂಪಾಗಿಸುವ ಚಿಲ್ಲರ್ ಇಲ್ಲದೆ ಈ ಶಾಖವನ್ನು ಹಿಡಿದಿಡುವುದು ಆಗದ ಮಾತು. ಕರೆಂಟ್ ಹೋದಾಗ ಪಂಪ್ ನಡೆಸಲು ಬ್ಯಾಟರಿಯೂ ಇರಲಿ.

ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧಿ ಅನೆಮೊನಿಗೆ ವಿಷ. ಅನೆಮೊನಿ ಇರುವ ಟ್ಯಾಂಕಿಗೆ ಅದನ್ನು ಹಾಕುವಂತಿಲ್ಲ, ಕಾಯಿಲೆಯ ಮೀನನ್ನೇ ಬೇರೆ ಟ್ಯಾಂಕಿಗೆ ಎತ್ತಬೇಕು.

ಅನೆಮೊನಿ ನಡೆಯುತ್ತದೆ ಎಂಬುದು ಗೊತ್ತೇ? ಕಲ್ಲಿಗೆ ಕಚ್ಚಿಕೊಂಡ ಅದರ ಪಾದ ಇಷ್ಟಿಷ್ಟೇ ಜಾರುತ್ತದೆ. ಬೆಳಕು ಸಾಲದಿದ್ದರೆ ಮೇಲಕ್ಕೆ, ಹೆಚ್ಚಾದರೆ ನೆರಳಿಗೆ, ನೀರಿನ ಹರಿವು ಹಿಡಿಸದಿದ್ದರೆ ಪಕ್ಕಕ್ಕೆ. ನೀವು ಆರಿಸಿಕೊಟ್ಟ ಜಾಗ ಅದಕ್ಕೆ ಒಪ್ಪಿಗೆಯಾಗಬೇಕೆಂದೇನೂ ಇಲ್ಲ. ರಾತ್ರಿ ಒಂದು ಕಡೆ ನೋಡಿ ಮಲಗಿದರೆ ಬೆಳಿಗ್ಗೆ ಇನ್ನೊಂದು ಕಡೆ ಇರುತ್ತದೆ. ದಾರಿಯಲ್ಲಿ ತಾಗಿದ ಹವಳಗಳನ್ನೆಲ್ಲ ಕುಟುಕಿ ಸುಡುತ್ತದೆ; ವರ್ಷಗಟ್ಟಲೆ ಬೆಳೆಸಿದ ಹವಳ ಒಂದೇ ರಾತ್ರಿಯಲ್ಲಿ ಹಾಳಾಗಬಹುದು. ಇದಕ್ಕಿಂತ ಘೋರವಾದದ್ದು ವೇವ್‌ಮೇಕರ್, ಅಂದರೆ ಅಲೆ ಎಬ್ಬಿಸುವ ಪಂಪ್. ಅಲೆದಾಡುವ ಅನೆಮೊನಿ ಅದರ ಜಾಲರಿಗೆ ಸಿಕ್ಕಿದರೆ ಫ್ಯಾನ್ ಅದನ್ನು ಚೂರುಚೂರು ಮಾಡಿ ಟ್ಯಾಂಕಿನ ತುಂಬ ಎರಚುತ್ತದೆ. ಕೊಳೆಯುವ ಮಾಂಸ, ಏರುವ ಅಮೋನಿಯಾ, ಜೊತೆಗೆ ನೀರಿನಲ್ಲೆಲ್ಲ ಕುಟುಕು ಕಣಗಳು. ಒಂದು ಅನೆಮೊನಿಯ ಜೊತೆ ಇಡೀ ಟ್ಯಾಂಕ್ ಸಾಯುವುದು ಹೀಗೆ. ಆದ್ದರಿಂದ ಅನೆಮೊನಿ ತರುವ ಮುಂಚೆ ಎಲ್ಲ ಪಂಪುಗಳಿಗೂ ಸ್ಪಂಜಿನ ಇಲ್ಲವೇ ಬಲೆಯ ಕವಚ ತೊಡಿಸಬೇಕು. ಸಾಧ್ಯವಾದರೆ ಹವಳಗಳಿಗಿಂತ ಮೊದಲೇ ಅನೆಮೊನಿಯನ್ನು ಬಿಟ್ಟು, ಅದು ನೆಲೆ ನಿಂತ ಮೇಲೆ ಉಳಿದದ್ದನ್ನು ಜೋಡಿಸುವುದು ಉತ್ತಮ.

ಅಂಗಡಿಯಲ್ಲಿ ನೋಡಬೇಕಾದದ್ದು ಎರಡು: ಬಾಯಿ ಮತ್ತು ಪಾದ. ಬಾಯಿ ಬಿಗಿಯಾಗಿ ಮುಚ್ಚಿರಬೇಕು. ಸಡಿಲವಾಗಿ ತೆರೆದು ಒಳಗಿನ ಭಾಗ ಹೊರಚಾಚಿದ್ದರೆ ಅದು ಸಾಯುತ್ತಿರುವ ಅನೆಮೊನಿ. ಪಾದ ಕಲ್ಲಿಗೋ ಗಾಜಿಗೋ ಗಟ್ಟಿಯಾಗಿ ಕಚ್ಚಿಕೊಂಡಿರಬೇಕು. ಕೀಳುವಾಗ ಹರಿದರೆ ಆ ಗಾಯ ಮಾಗುವುದು ಕಷ್ಟ. ಕಲ್ಲಿನ ಸಮೇತ ಕೊಡಿ ಎಂದು ಕೇಳಿ. ದಿನಕ್ಕೊಂದು ಸಲ ಮುದುಡಿ ಮತ್ತೆ ಅರಳಿದರೆ ಗಾಬರಿ ಬೇಡ, ಹೊಲಸು ನೀರನ್ನು ಹೊರಹಾಕಿ ಹೊಸದನ್ನು ತುಂಬಿಕೊಳ್ಳುವ ರೀತಿ ಅದು.

ಮನೆ ಕೊಟ್ಟ ಅನೆಮೊನಿಗೆ ಮೀನು ಬಾಡಿಗೆಯನ್ನೂ ಕಟ್ಟುತ್ತದೆ. ಮೀನಿನ ಮೈಯಿಂದ ಹೊರಬರುವ ಅಮೋನಿಯಾ ಅನೆಮೊನಿಯೊಳಗಿನ ಪಾಚಿಗೆ ಗೊಬ್ಬರ. ರಾತ್ರಿ ಕರಬಳ್ಳಿಗಳ ನಡುವೆ ಮೀನು ಹೊರಳಾಡುವಾಗ ಹೊಸ ನೀರು ನುಗ್ಗಿ ಆಮ್ಲಜನಕ ಸಿಗುತ್ತದೆ. ಅನೆಮೊನಿಯನ್ನು ಕಚ್ಚಿ ತಿನ್ನಲು ಬರುವ ಚಿಟ್ಟೆಮೀನುಗಳನ್ನು ಕ್ಲೌನ್ ಅಟ್ಟಿಬಿಡುತ್ತದೆ. ಕಡಲಿನಲ್ಲಿ ಮೀನಿರುವ ಅನೆಮೊನಿ ಮೀನಿಲ್ಲದ್ದಕ್ಕಿಂತ ಚೆನ್ನಾಗಿ ಬೆಳೆಯುತ್ತದೆ. ಆದರೆ ಟ್ಯಾಂಕಿನಲ್ಲಿ ಮಾತು ಬೇರೆ: ಚಿಕ್ಕ ಅನೆಮೊನಿಗೆ ದೊಡ್ಡ ಕ್ಲೌನ್ ಜೋಡಿ ಅಂಟಿಕೊಂಡರೆ ಅವುಗಳ ಉಜ್ಜಾಟಕ್ಕೆ ಅದು ಅರಳುವುದೇ ಇಲ್ಲ. ಅನೆಮೊನಿಯ ಹರವು ಮೀನಿನ ಉದ್ದಕ್ಕಿಂತ ಎರಡು ಮೂರು ಪಟ್ಟಾದರೂ ಇರಲಿ.

ಯಾವ ಕ್ಲೌನ್ ಮೀನೂ ಹುಟ್ಟುವಾಗಲೇ ಹೆಣ್ಣಲ್ಲ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ, ಎರಡನೆಯದು ಗಂಡಾಗಿ ಉಳಿಯುತ್ತದೆ. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಬದಲಾಗುತ್ತದೆ! ಮತ್ತೆ ಗಂಡಾಗುವ ದಾರಿ ಇಲ್ಲ.

ಮೊಟ್ಟೆ ಇಡುವುದಕ್ಕೂ ಅನೆಮೊನಿ ಕಡ್ಡಾಯವಲ್ಲ. ಕಲ್ಲು, ಮಣ್ಣಿನ ಕುಂಡ, ಹಂಚಿನ ಚೂರು ಏನಾದರೂ ನಡೆಯುತ್ತದೆ. ಗಂಡು ಮೀನು ರೆಕ್ಕೆ ಬೀಸುತ್ತ ಮೊಟ್ಟೆ ಕಾಯುತ್ತದೆ. ಸುಮಾರು ಒಂದು ವಾರದ ಬಳಿಕ, ಕತ್ತಲಾದ ಮೇಲೆ ಮರಿಗಳು ಹೊರಬರುತ್ತವೆ.

ಎರಡು ಜಾತಿಯ ಕ್ಲೌನ್‌ಗಳನ್ನು ಒಂದೇ ಟ್ಯಾಂಕಿನಲ್ಲಿ ಕೂಡಿಹಾಕಬೇಡಿ, ಒಂದೇ ಜಾತಿಯ ಎರಡು ಜೋಡಿಗಳೂ ಬೇಡ; ಜಗಳ ತಪ್ಪದು. ಒಸೆಲ್ಲಾರಿಸ್ ಮೀನು ಎದುರಾಳಿಯ ಬಿಳಿ ಪಟ್ಟೆಗಳನ್ನು ಎಣಿಸಬಲ್ಲದು ಎಂದು ಜಪಾನಿನ ಒಕಿನಾವಾದ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದರು. ತನ್ನ ಹಾಗೆ ಮೂರು ಪಟ್ಟೆ ಇರುವ ಮೀನನ್ನು ಕಂಡರೆ ಅದಕ್ಕೆ ಸಿಟ್ಟು ಹೆಚ್ಚು.

ಕಡಲಿನ ಲೆಕ್ಕವನ್ನೂ ನೋಡಬೇಕು. ದೊಡ್ಡ ಅನೆಮೊನಿಗಳು ನಿಧಾನವಾಗಿ ಬೆಳೆಯುತ್ತವೆ, ಬಹುಕಾಲ ಬಾಳುತ್ತವೆ. ಒಂದನ್ನು ಕಿತ್ತು ತಂದರೆ ಅದರಲ್ಲಿದ್ದ ಮೀನಿನ ಸಂಸಾರ ಬೀದಿಗೆ ಬೀಳುತ್ತದೆ. 2016ರಲ್ಲಿ ಪೆಸಿಫಿಕ್ ಸಾಗರದ ಮೂರಿಯಾ ದ್ವೀಪದ ಸುತ್ತ ನೀರು ಬಿಸಿಯಾಗಿ ಅನೆಮೊನಿಗಳು ಬಿಳುಚಿದಾಗ ಅವುಗಳಲ್ಲಿದ್ದ ಕ್ಲೌನ್ ಮೀನುಗಳಲ್ಲಿ ಒತ್ತಡದ ಹಾರ್ಮೋನು ಏರಿ, ಮೊಟ್ಟೆ ಇಡುವುದೂ ತಗ್ಗಿತು. ಇಂಥ ಕಾಲದಲ್ಲಿ ಟ್ಯಾಂಕಿನ ಅಂದಕ್ಕೆಂದು ಕಡಲಿನ ಅನೆಮೊನಿಯನ್ನು ಕೊಳ್ಳುವುದು ಸರಿಯಲ್ಲ. ಅನೆಮೊನಿಯ ಜೊತೆ ಬರುವ ಕಲ್ಲಿನ ವಿಷಯದಲ್ಲೂ ಎಚ್ಚರ ಬೇಕು: ಭಾರತದಲ್ಲಿ ಹವಳದ ದಿಬ್ಬ ಕಟ್ಟುವ ಎಲ್ಲ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಲಕ್ಷದ್ವೀಪ, ಮನ್ನಾರ್ ಕೊಲ್ಲಿಯಿಂದ ಹವಳ ಅಂಟಿದ ಕಲ್ಲು ತರುವುದೂ ಅಪರಾಧ.

ಹಾಗಾದರೆ ತರಬೇಕೋ ಬೇಡವೋ? ಕ್ಲೌನ್ ಮೀನಿಗೆ ಬೇಕೆಂಬ ಒಂದೇ ಕಾರಣಕ್ಕಾದರೆ ಖಂಡಿತ ಬೇಡ. ಅನೆಮೊನಿಯನ್ನು ಅದರ ಸಲುವಾಗಿಯೇ ಸಾಕುವ ಮನಸ್ಸು, ವರ್ಷ ತುಂಬಿದ ನೂರೈವತ್ತು ಲೀಟರಿನ ಟ್ಯಾಂಕ್, ಪ್ರಖರ ಲೈಟ್, ಕವಚ ಹಾಕಿದ ಪಂಪ್ ಇವಿಷ್ಟೂ ಇದ್ದರೆ ಬಬಲ್ ಟಿಪ್ ತನ್ನಿ. ಅದೂ ಇನ್ನೊಬ್ಬರ ಟ್ಯಾಂಕಿನಲ್ಲಿ ಒಡೆದು ಹುಟ್ಟಿದ್ದನ್ನೇ ತನ್ನಿ. ಈ ಜಾತಿಯ ಅನೆಮೊನಿ ಬಾಯಿಯ ಮಧ್ಯದಿಂದ ತನ್ನನ್ನು ತಾನೇ ಎರಡಾಗಿ ಸೀಳಿಕೊಳ್ಳುತ್ತದೆ. ಕೆಲವು ದಿನಗಳಲ್ಲಿ ಗಾಯ ಮಾಗಿ ಎರಡೂ ಪೂರ್ತಿ ಅನೆಮೊನಿಗಳಾಗುತ್ತವೆ. ನಿಮ್ಮಲ್ಲೂ ಹಾಗೇ ಆದೀತು. ಎರಡನೆಯದು ಹವಳಗಳ ಕಡೆ ನಡೆಯಲು ಶುರುಮಾಡುವ ಮೊದಲೇ ಅದನ್ನು ಸಾಕಬಲ್ಲ ಇನ್ನೊಬ್ಬರನ್ನು ಕೇಳಿಟ್ಟುಕೊಂಡಿರಿ.