ಡೊಂಬಿವಲಿಯಲ್ಲಿ ಕೆಮಿಸ್ಟ್ರಿ ಓದಿದರೆ ಮುಂದೇನು?

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ಮೇಲೆ ಡೊಂಬಿವಲಿ, ಠಾಣೆಯ ಕನ್ನಡ ಮನೆಗಳಲ್ಲಿ ಒಂದು ಮಾತು ಏಳುತ್ತದೆ: ಇಂಜಿನಿಯರಿಂಗ್ ಸೀಟು ಸಿಗದಿದ್ದರೆ ಬರೀ ಬಿ.ಎಸ್ಸಿ. ಮಾಡಿ ಏನು ಪ್ರಯೋಜನ? ಕೆಮಿಸ್ಟ್ರಿಯ ಮಟ್ಟಿಗೆ ಈ ಭಯ ಬೇಡ. ಡೊಂಬಿವಲಿ ಎಂಐಡಿಸಿ, ಅಂಬರನಾಥ, ಬದ್ಲಾಪುರ, ತಳೋಜ, ಠಾಣೆ-ಬೇಲಾಪುರ ರಸ್ತೆ, ಎಲ್ಲೆಡೆಯೂ ಔಷಧ, ಬಣ್ಣ, ಸಾಬೂನಿನ ಕಚ್ಚಾವಸ್ತು, ರಬ್ಬರ್ ರಾಸಾಯನಿಕ ತಯಾರಿಸುವ ಕಾರ್ಖಾನೆಗಳಿವೆ. ಆದರೆ ಡಿಗ್ರಿ ಕೊಡಿಸುವುದು ಮೊದಲ ಕೆಲಸವನ್ನಷ್ಟೇ. ಆ ಕೆಲಸ ಯಾವ ವಿಭಾಗದ್ದು ಎಂಬುದರ ಮೇಲೆ ಮುಂದಿನ ಹತ್ತು ವರ್ಷ ನಿಂತಿರುತ್ತದೆ.

ಠಾಣೆಯ ಬಾಂದೋಡ್ಕರ್, ಕಲ್ಯಾಣದ ಬಿರ್ಲಾ, ಡೊಂಬಿವಲಿಯ ಪೆಂಢರ್‌ಕರ್ ಕಾಲೇಜುಗಳಲ್ಲಿ ಬಿ.ಎಸ್ಸಿ. ಕೆಮಿಸ್ಟ್ರಿ ಓದಬಹುದು. ಮಾಟುಂಗಾದ ಐಸಿಟಿಯ (ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿ) ದಾರಿ ಬೇರೆ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ವಿಭಾಗವಾಗಿ ಆರಂಭವಾದ ಈ ಸಂಸ್ಥೆಯನ್ನು ಹಳಬರು ಇಂದಿಗೂ ಯುಡಿಸಿಟಿ ಎಂದೇ ಕರೆಯುತ್ತಾರೆ. ಅಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಸೇರಲು ಪ್ರವೇಶ ಪರೀಕ್ಷೆಯೂ ಬೇಕು, ಗಣಿತವೂ ಬೇಕು. ಹನ್ನೊಂದನೆಯಲ್ಲಿ ಗಣಿತ ಬಿಡುವ ಮೊದಲು ಇದನ್ನು ಯೋಚಿಸಿ.

ಬಿ.ಎಸ್ಸಿ. ಮುಗಿಸಿದ ಹೆಚ್ಚಿನವರು ಮೊದಲು ಕಾಲಿಡುವುದು ಕ್ಯೂಸಿಗೆ, ಅಂದರೆ ಗುಣಮಟ್ಟ ಪರೀಕ್ಷಿಸುವ ಲ್ಯಾಬಿಗೆ. ಔಷಧ ಕಾರ್ಖಾನೆಯ ಕ್ಯೂಸಿಯಲ್ಲಿ ದಿನವೆಲ್ಲ ಎಚ್‌ಪಿಎಲ್‌ಸಿ ಯಂತ್ರದ ಮುಂದೆಯೇ. ಸ್ಯಾಂಪಲ್ಲನ್ನು ಮಿಲಿಗ್ರಾಂ ಲೆಕ್ಕದಲ್ಲಿ ತೂಗಿ, ಕರಗಿಸಿ, 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಹತ್ತಿಪ್ಪತ್ತು ಮೈಕ್ರೋಲೀಟರಿನಷ್ಟು ಯಂತ್ರಕ್ಕೆ ಕೊಡಬೇಕು. ಯಂತ್ರದ ಕಾಲಮ್ಮಿನಿಂದ ಒಂದೊಂದು ವಸ್ತುವೂ ಒಂದೊಂದು ಹೊತ್ತಿಗೆ ಹೊರಬಂದು ಪರದೆಯ ಮೇಲೆ ಶಿಖರವಾಗಿ ಮೂಡುತ್ತದೆ. ಅದರ ವಿಸ್ತೀರ್ಣವನ್ನು ಸ್ಟ್ಯಾಂಡರ್ಡ್‌ನ ಶಿಖರದೊಂದಿಗೆ ಹೋಲಿಸಿದರೆ ಮಾತ್ರೆಯಲ್ಲಿ ಔಷಧ ಎಷ್ಟಿದೆ ಎಂದು ಗೊತ್ತಾಗುತ್ತದೆ. ಬರೆದ ಅಂಕಿ ತಪ್ಪಾದರೆ ವೈಟ್ನರ್ ಹಚ್ಚುವಂತಿಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ, ತಾರೀಕು ಹಾಕಬೇಕು. ಕಾಲೇಜಿನ ಜರ್ನಲ್ ಬರೆಯುವಾಗಲೇ ಈ ಶಿಸ್ತು ರೂಢಿಸಿಕೊಂಡ ಹುಡುಗರು ಬೇಗ ಮೇಲೆ ಬರುತ್ತಾರೆ. ಕೆಲವು ವರ್ಷ ಪಳಗಿದ ಮೇಲೆ ಕಂಪನಿಯ ಮೂಲಕ ರಾಜ್ಯದ ಔಷಧ ನಿಯಂತ್ರಣ ಇಲಾಖೆಯಾದ ಎಫ್‌ಡಿಎಯ ಅಪ್ರೂವಲ್ ಪಡೆದುಕೊಳ್ಳಿ. ಉದ್ಯೋಗ ಜಾಹೀರಾತುಗಳಲ್ಲಿ 'ಎಫ್‌ಡಿಎ ಅಪ್ರೂವ್ಡ್ ಕೆಮಿಸ್ಟ್' ಎಂದು ಕೇಳುವುದು ಇದನ್ನೇ. ಸಂಬಳದ ಮಾತುಕತೆಯಲ್ಲಿ ಅದಕ್ಕೆ ತೂಕ ಹೆಚ್ಚು.

ಪ್ರೊಡಕ್ಷನ್ ವಿಭಾಗ ಒರಟು. ಮೂರು ಶಿಫ್ಟು, ರಿಯಾಕ್ಟರುಗಳ ಬಿಸಿ, ದ್ರಾವಕಗಳ ವಾಸನೆ. ಆದರೂ ಪ್ಲಾಂಟ್ ಬಲ್ಲ ಕೆಮಿಸ್ಟಿಗೆ ಕೆಲಸದ ಕೊರತೆಯಿಲ್ಲ. ಈ ಕಡೆ ಒಲವಿದ್ದವರು ಎಒಸಿಪಿ ಎಂಬ ಅಪ್ರೆಂಟಿಸ್ ತರಬೇತಿಯನ್ನು ಮರೆಯಬಾರದು. ಪೂರ್ಣ ಹೆಸರು ಅಟೆಂಡೆಂಟ್ ಆಪರೇಟರ್, ಕೆಮಿಕಲ್ ಪ್ಲಾಂಟ್. ಚೆಂಬೂರಿನ ಆರ್‌ಸಿಎಫ್‌ನಂಥ ಸರಕಾರಿ ಕಾರ್ಖಾನೆಗಳು ಆಪರೇಟರ್ ಹುದ್ದೆಗಳಿಗೆ ಬಿ.ಎಸ್ಸಿ.ಯ ಜೊತೆ ಈ ಪ್ರಮಾಣಪತ್ರವನ್ನೂ ಕೇಳುವುದುಂಟು. ನಮ್ಮವರಲ್ಲಿ ಇದನ್ನು ಬಲ್ಲವರು ತೀರ ಕಡಿಮೆ, ಅದೇ ನನಗೆ ಬೇಸರ. ಟ್ರಾಂಬೆಯ ಬಿಎಆರ್‌ಸಿ ಕೂಡ ಬಿ.ಎಸ್ಸಿ.ಯವರನ್ನು ಸ್ಟೈಪೆಂಡಿಯರಿ ಟ್ರೈನಿಗಳಾಗಿ ತೆಗೆದುಕೊಳ್ಳುತ್ತದೆ.

ಎಂ.ಎಸ್ಸಿ. ಮಾಡುವುದಾದರೆ ಆರ್ಗ್ಯಾನಿಕ್ಕೋ ಅನಲಿಟಿಕಲ್ಲೋ? ಹೊಸ ಅಣು ಕಟ್ಟುವ ಆಸೆಯಿದ್ದರೆ, ಆರ್ ಆ್ಯಂಡ್ ಡಿ ಸೇರಬೇಕಿದ್ದರೆ ಆರ್ಗ್ಯಾನಿಕ್. ಯಂತ್ರಗಳ ನಂಟು ಇಷ್ಟವಿದ್ದರೆ ಅನಲಿಟಿಕಲ್. ಅಲ್ಲಿಂದ ಕ್ಯೂಎ (ಗುಣಮಟ್ಟ ಖಾತರಿ), ರೆಗ್ಯುಲೇಟರಿ ವಿಭಾಗಗಳಿಗೂ ಹೋಗಬಹುದು. ಐಐಟಿಯಲ್ಲಿ ಓದುವ ಗುರಿಯುಳ್ಳವರು ಡಿಗ್ರಿಯ ಕೊನೆಯ ವರ್ಷದಲ್ಲೇ ಜ್ಯಾಮ್ ಪರೀಕ್ಷೆ ಬರೆಯಬೇಕು. ಕಾಲೇಜಿನಲ್ಲಿ ಪಾಠ ಮಾಡುವ ಕನಸಿದ್ದರೆ ನೆಟ್ ಅಥವಾ ಸೆಟ್ ಅರ್ಹತಾ ಪರೀಕ್ಷೆ ಬರೆಯಬೇಕು.

ತಂದೆತಾಯಿಯರ ಇನ್ನೊಂದು ಆತಂಕ ನ್ಯಾಯವಾದದ್ದೇ. ಡೊಂಬಿವಲಿ ಎಂಐಡಿಸಿಯಲ್ಲಿ 2016ರ ಮೇ ತಿಂಗಳಲ್ಲಿ, ಮತ್ತೆ 2024ರ ಮೇ ತಿಂಗಳಲ್ಲಿ ಸ್ಫೋಟಗಳಾಗಿ ಜೀವಗಳು ಹೋದವು. ಅಪಾಯಕಾರಿ ಕಾರ್ಖಾನೆಗಳನ್ನು ಮನೆಗಳಿಂದ ದೂರ ಸಾಗಿಸುವ ಮಾತು ಆಗಿನಿಂದಲೂ ನಡೆದಿದೆ. ಆದ್ದರಿಂದ ಮನೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಕೆಲಸ ಹಿಡಿಯಬೇಡಿ. ಸೇರಿದ ದಿನವೇ ತಾನು ಮುಟ್ಟುವ ಪ್ರತಿ ರಾಸಾಯನಿಕದ ಸೇಫ್ಟಿ ಡೇಟಾ ಶೀಟ್ ಕೇಳಿ ಓದುವುದು ಹೊಸ ಕೆಮಿಸ್ಟಿನ ಹಕ್ಕು. ಅದನ್ನು ತೋರಿಸಲು ಹಿಂದೆಮುಂದೆ ನೋಡುವ ಕಂಪನಿ ಬೇಡವೇ ಬೇಡ.

ಕೊನೆಗೆ, ಸಂದರ್ಶನ. ಅಲ್ಲಿ ದೊಡ್ಡ ಸಿದ್ಧಾಂತಗಳಿಗಿಂತ ಹೆಚ್ಚಾಗಿ ಕೇಳುವುದು ಕೈಕೆಲಸದ ಪ್ರಶ್ನೆ: ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದ ನಾರ್ಮಾಲಿಟಿ ಎಷ್ಟು? ಸುಮಾರು 12. ಎಚ್‌ಪಿಎಲ್‌ಸಿಗೆ ಹಾಕುವ ಮೊಬೈಲ್ ಫೇಸನ್ನು ಡಿಗ್ಯಾಸ್ ಮಾಡುವುದೇಕೆ? ಗಾಳಿಗುಳ್ಳೆ ಪಂಪಿಗೆ ಹೊಕ್ಕರೆ ಒತ್ತಡ ಏರುಪೇರಾಗುತ್ತದೆ, ಶಿಖರ ಬರುವ ಹೊತ್ತು ಜಾರುತ್ತದೆ.