ಬ್ರೌಸರಿನ ಕಸಿ: ಹೈಕು ಆಪರೇಟಿಂಗ್ ಸಿಸ್ಟಮ್ ನಡೆಸಿದ ಪ್ರಯತ್ನ

ಕಂಪ್ಯೂಟರಿನ ಯಂತ್ರಾಂಶಕ್ಕೂ ಬಳಕೆದಾರರು ನಡೆಸುವ ತಂತ್ರಾಂಶಗಳಿಗೂ ನಡುವೆ ನಿಂತು, ಮೆಮೊರಿ, ಡಿಸ್ಕ್, ಪರದೆ, ಜಾಲಸಂಪರ್ಕ ಮೊದಲಾದವನ್ನು ಎಲ್ಲರಿಗೂ ಹಂಚಿಕೊಡುವ ಮೂಲ ತಂತ್ರಾಂಶವನ್ನು ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ವಿಂಡೋಸ್, ಮ್ಯಾಕ್‌ಒಎಸ್, ಆಂಡ್ರಾಯ್ಡ್‌ಗಳಂತೆ ದೊಡ್ಡ ಕಂಪನಿಗಳ ಬೆಂಬಲದಿಂದ ನಡೆಯುವ ಸಿಸ್ಟಮ್‌ಗಳಲ್ಲದೆ, ಬಿಡುವಿನ ವೇಳೆಯಲ್ಲಿ ದುಡಿಯುವ ಕೆಲವೇ ಕೆಲವು ಆಸಕ್ತರ ಶ್ರಮದಿಂದ ಬೆಳೆದುಬಂದ ಸಿಸ್ಟಮ್‌ಗಳೂ ಉಂಟು. ಇವುಗಳನ್ನು ಹವ್ಯಾಸಿ ಆಪರೇಟಿಂಗ್ ಸಿಸ್ಟಮ್‌ಗಳೆಂದು ಕರೆಯುವುದು ವಾಡಿಕೆ. ಇಂತಹ ಸಿಸ್ಟಮ್ ಎಷ್ಟೇ ಚೊಕ್ಕವಾಗಿ ರಚಿತವಾಗಿದ್ದರೂ, ಅಂಚೆ, ಬ್ಯಾಂಕು, ರೈಲಿನ ಟಿಕೆಟು, ಪತ್ರಿಕೆ ಎಲ್ಲವೂ ಜಾಲತಾಣಗಳಾಗಿರುವ ಈ ಕಾಲದಲ್ಲಿ, ಒಳ್ಳೆಯ ಬ್ರೌಸರ್ ಇಲ್ಲದಿದ್ದರೆ ಅದನ್ನು ದಿನಬಳಕೆಗೆ ಇಟ್ಟುಕೊಳ್ಳುವುದು ಯಾರಿಗೂ ಆಗದು. ಆದ್ದರಿಂದ ಹವ್ಯಾಸಿಗಳ ಮುಂದಿರುವ ಕೆಲಸಗಳಲ್ಲಿ ಬ್ರೌಸರನ್ನು ತರುವುದೇ ಬಹುಶಃ ಎಲ್ಲಕ್ಕಿಂತ ಕಠಿಣವಾದದ್ದು. ಹೈಕು ಎಂಬ ಸಿಸ್ಟಮ್‌ನ ಎರಡು ದಶಕಗಳ ಅನುಭವವು ಈ ಕಾಠಿಣ್ಯದ ಬಗೆಯನ್ನು ಚೆನ್ನಾಗಿ ತೋರಿಸಿಕೊಡುತ್ತದೆ.

ಹೈಕುವಿನ ಮೂಲ ಇರುವುದು ಬಿಒಎಸ್ ಎಂಬ ಸಿಸ್ಟಮ್‌ನಲ್ಲಿ. ಆಪಲ್ ಕಂಪನಿಯಲ್ಲಿ ಹಿರಿಯ ಅಧಿಕಾರಿಯಾಗಿದ್ದ ಜ್ಯಾನ್ ಲೂಯಿ ಗಾಸೆ ಅಲ್ಲಿಂದ ಹೊರಬಂದು ಕಟ್ಟಿದ ಬಿ ಎಂಬ ಕಂಪನಿಯು 1990ರ ದಶಕದಲ್ಲಿ ಅದನ್ನು ರೂಪಿಸಿತು. ಒಂದೇ ಹೊತ್ತಿಗೆ ಹಲವು ವಿಡಿಯೊಗಳನ್ನು ತಡೆಯಿಲ್ಲದೆ ತೋರಿಸಬಲ್ಲ ಚುರುಕುತನಕ್ಕೆ ಅದು ಹೆಸರಾಗಿತ್ತು. ಮಾರುಕಟ್ಟೆಯಲ್ಲಿ ನಿಲ್ಲಲಾಗದೆ 2001ರಲ್ಲಿ ಕಂಪನಿಯ ಆಸ್ತಿಯು ಪಾಮ್ ಕಂಪನಿಗೆ ಸುಮಾರು 1.1 ಕೋಟಿ ಡಾಲರಿಗೆ ಮಾರಾಟವಾದಾಗ, ಆ ಸಿಸ್ಟಮ್‌ನ ಅಭಿಮಾನಿಗಳು ಅದೇ ವರ್ಷ ಓಪನ್‌ಬಿಒಎಸ್ ಎಂಬ ಹೆಸರಿನಲ್ಲಿ ಅದನ್ನು ಮುಕ್ತ ತಂತ್ರಾಂಶವಾಗಿ ಮೊದಲಿನಿಂದ ಬರೆಯತೊಡಗಿದರು. 2004ರಲ್ಲಿ ಅದಕ್ಕೆ ಹೈಕು ಎಂಬ ಹೆಸರು ಬಂತು. ಬಿಒಎಸ್‌ನ ಜೊತೆಗೆ ಬರುತ್ತಿದ್ದ ನೆಟ್‌ಪಾಸಿಟಿವ್ ಎಂಬ ಬ್ರೌಸರ್, ಕೇಳಿದ ಪುಟ ಸಿಗದಿದ್ದಾಗ ಆ ಸಂಗತಿಯನ್ನು ಜಪಾನಿನ ಹೈಕು ಪದ್ಯಗಳ ರೂಪದಲ್ಲಿ ತಿಳಿಸುತ್ತಿದ್ದುದೇ ಈ ಹೆಸರಿಗೆ ಪ್ರೇರಣೆಯಾಯಿತು. ಸಿಸ್ಟಮ್‌ಗೆ ಹೆಸರನ್ನು ಕೊಟ್ಟದ್ದು ಒಂದು ಬ್ರೌಸರ್. ಹೆಸರು ಬಂದಮೇಲೆ ಆ ಸಿಸ್ಟಮ್ ಬಹುಕಾಲ ಹಂಬಲಿಸಿದ್ದೂ ಒಂದು ಬ್ರೌಸರಿಗಾಗಿಯೇ.

ಬ್ರೌಸರ್ ಎಂದರೆ ನೋಡುವವರಿಗೆ ಒಂದು ಕಿಟಕಿ, ಒಂದು ವಿಳಾಸಪಟ್ಟಿ, ಹಿಂದೆ ಮುಂದೆ ಹೋಗುವ ಬಾಣಗಳು. ಅದರ ನಿಜವಾದ ದೇಹವಿರುವುದು ಎಂಜಿನ್ ಎಂದು ಕರೆಯಲಾಗುವ ಒಳಭಾಗದಲ್ಲಿ. ಪುಟದ ರಚನೆಯನ್ನು ಹೇಳುವ ಎಚ್‌ಟಿಎಂಎಲ್ ಬರಹವನ್ನು ಓದುವುದು, ಅದರ ಅಂದವನ್ನು ನಿಗದಿಪಡಿಸುವ ಸಿಎಸ್‌ಎಸ್ ನಿಯಮಗಳಂತೆ ಪ್ರತಿಯೊಂದು ಅಕ್ಷರಕ್ಕೂ ಚಿತ್ರಕ್ಕೂ ಜಾಗ ಲೆಕ್ಕ ಹಾಕುವುದು, ಪುಟದ ಜೊತೆಗೇ ಬರುವ ಜಾವಾಸ್ಕ್ರಿಪ್ಟ್ ಎಂಬ ಭಾಷೆಯ ಆದೇಶಗಳನ್ನು ನಡೆಸುವುದು ಎಂಜಿನ್‌ನ ಹೊಣೆ. ಇದರ ಗಾತ್ರ ಲಕ್ಷಾಂತರ ಸಾಲುಗಳ ಲೆಕ್ಕದ್ದು. ಆದ್ದರಿಂದಲೇ ಸ್ವಂತ ಎಂಜಿನ್ ಸಾಕುವುದು ದೊಡ್ಡ ಕಂಪನಿಗಳಿಗೂ ಭಾರವೆನಿಸಿ, ಒಪೇರಾ 2013ರಲ್ಲಿ ತನ್ನದನ್ನು ಬಿಡಲು ತೀರ್ಮಾನಿಸಿತು, ಮೈಕ್ರೋಸಾಫ್ಟ್ ತನ್ನದನ್ನು ಬಿಡುವುದಾಗಿ 2018ರ ಕೊನೆಯಲ್ಲಿ ಸಾರಿತು. ಇಂದು ವ್ಯಾಪಕ ಬಳಕೆಯಲ್ಲಿ ಉಳಿದಿರುವವು ಕ್ರೋಮ್‌ನ ಬ್ಲಿಂಕ್, ಸಫಾರಿಯ ವೆಬ್‌ಕಿಟ್, ಫೈರ್‌ಫಾಕ್ಸ್‌ನ ಗೆಕ್ಕೊ ಎಂಬ ಮೂರೇ ಎಂಜಿನ್‌ಗಳು.

ಒಂದು ಸಿಸ್ಟಮ್‌ಗಾಗಿ ಬರೆದ ತಂತ್ರಾಂಶವನ್ನು ಇನ್ನೊಂದಕ್ಕೆ ಹೊಂದಿಸುವ ಕೆಲಸವನ್ನು ಪೋರ್ಟಿಂಗ್ ಎನ್ನುತ್ತಾರೆ. ತೋಟಗಾರಿಕೆಯ ಕಸಿಗೆ ಇದನ್ನು ಹೋಲಿಸಬಹುದು: ಕೊಂಬೆ ಒಂದು ಮರದ್ದು, ಬೇರು ಇನ್ನೊಂದರದು, ಎರಡರ ನಡುವಿನ ರಸನಾಳಗಳು ಕೂಡಿಕೊಂಡರೆ ಮಾತ್ರ ಕೊಂಬೆ ಚಿಗುರುತ್ತದೆ. ಹೈಕು ತಂಡವು ಕಸಿಗಾಗಿ ಆರಿಸಿಕೊಂಡದ್ದು ವೆಬ್‌ಕಿಟ್ ಎಂಜಿನನ್ನು. ಇದು ಹುಟ್ಟಿದ್ದೇ ಪೋರ್ಟಿಂಗ್‌ನಿಂದ ಎಂಬುದು ಗಮನಾರ್ಹ. ಲಿನಕ್ಸ್ ಎಂಬ ಮುಕ್ತ ಸಿಸ್ಟಮ್‌ನ ಕೆಡಿಇ ಬಳಗವು ತನ್ನ ಕಾಂಕರರ್ ಬ್ರೌಸರಿಗಾಗಿ ಬರೆದಿದ್ದ ಕೆಎಚ್‌ಟಿಎಂಎಲ್ ಎಂಬ ಎಂಜಿನನ್ನು ಆಪಲ್ ತನ್ನ ಸಿಸ್ಟಮ್‌ಗೆ ಒಗ್ಗಿಸಿಕೊಂಡು 2003ರಲ್ಲಿ ಸಫಾರಿಯನ್ನು ಹೊರತಂದಿತು, 2005ರಲ್ಲಿ ಆ ಎಂಜಿನನ್ನು ವೆಬ್‌ಕಿಟ್ ಎಂಬ ಮುಕ್ತ ಯೋಜನೆಯಾಗಿ ತೆರೆದಿಟ್ಟಿತು. ಚಿತ್ರಿಸುವುದು, ಅಕ್ಷರ ಮೂಡಿಸುವುದು, ಜಾಲದಿಂದ ಕಡತ ತರುವುದು ಮುಂತಾಗಿ ಸಿಸ್ಟಮ್‌ನ ಮೇಲೆ ಅವಲಂಬಿತವಾದ ಭಾಗಗಳನ್ನೆಲ್ಲ ಅದರಲ್ಲಿ ಬೇರೆಯಾಗಿ ಜೋಡಿಸಿಟ್ಟಿರುವುದರಿಂದ, ಹೊಸ ಸಿಸ್ಟಮ್‌ನವರು ಆ ಭಾಗಗಳಿಗೆ ಮಾತ್ರ ತಮ್ಮ ಬರಹವನ್ನು ಒದಗಿಸಿದರೆ ಸಾಕೆಂಬುದು ಅದರ ಆಕರ್ಷಣೆ. ರಯಾನ್ ಲೆವೆನ್‌ಗುಡ್ ಆರಂಭಿಸಿದ ಈ ಕೆಲಸವನ್ನು 2010ರಲ್ಲಿ ಸ್ಟೆಫಾನ್ ಆಸ್ಮುಸ್ ಬಹುವಾಗಿ ಮುಂದುವರಿಸಿದರು. ಆ ವರ್ಷದ ಮೇ ತಿಂಗಳಲ್ಲಿ ಬಂದ ಹೈಕುವಿನ ಎರಡನೆಯ ಆಲ್ಫಾ ಆವೃತ್ತಿಯಲ್ಲಿ ವೆಬ್‌ಪಾಸಿಟಿವ್ ಎಂಬ ಹೊಸ ಬ್ರೌಸರ್ ಸೇರಿತ್ತು.

ಆ ಭಾಗಗಳಿಗೆ ಮಾತ್ರ ಬರೆದರೆ ಸಾಕು ಎಂಬುದು ಕಾಗದದ ಮೇಲಿನ ಮಾತು. ಮೊದಲ ತೊಡಕು ಎದುರಾದದ್ದು ಕಂಪೈಲರಿನಲ್ಲಿ, ಅಂದರೆ ಮನುಷ್ಯರು ಬರೆದ ಆದೇಶಗಳನ್ನು ಯಂತ್ರದ ಆದೇಶಗಳಾಗಿ ಮಾರ್ಪಡಿಸುವ ಸಾಧನದಲ್ಲಿ. ಬಿಒಎಸ್‌ನ ಹಳೆಯ ತಂತ್ರಾಂಶಗಳು ಬದಲಾವಣೆಯಿಲ್ಲದೆ ಹೈಕುವಿನಲ್ಲಿಯೂ ನಡೆಯಬೇಕೆಂಬ ಹಟದಿಂದಾಗಿ, ಅದರ 32 ಬಿಟ್ ಆವೃತ್ತಿಯು 1999ರಷ್ಟು ಹಳೆಯದಾದ ಜಿಸಿಸಿ 2.95 ಕಂಪೈಲರಿಗೆ ಅಂಟಿಕೊಂಡಿತ್ತು. ವೆಬ್‌ಕಿಟ್ ಆದರೋ ವರ್ಷದಿಂದ ವರ್ಷಕ್ಕೆ ಸಿ++ ಭಾಷೆಯ ಹೊಸ ರೂಪಗಳನ್ನು ಬಳಸುತ್ತ ನಡೆದಿದೆ. ಹಳೆಯ ಮತ್ತು ಹೊಸ ಕಂಪೈಲರುಗಳು ಹೊರತರುವ ತಂತ್ರಾಂಶಗಳು ಒಂದನ್ನೊಂದು ಅರ್ಥ ಮಾಡಿಕೊಳ್ಳಲಾರವಾದ್ದರಿಂದ, ಹೈಕು ತಂಡವು ಸಿಸ್ಟಮ್‌ನ ಎಲ್ಲ ಮುಖ್ಯ ಗ್ರಂಥಾಲಯಗಳನ್ನು, ಅಂದರೆ ತಂತ್ರಾಂಶಗಳು ಹಂಚಿಕೊಂಡು ಬಳಸುವ ಆದೇಶಗಳ ಕಟ್ಟುಗಳನ್ನು, ಎರಡೂ ಕಂಪೈಲರುಗಳಿಂದ ಎರಡೆರಡು ಪ್ರತಿಯಾಗಿ ಇಟ್ಟುಕೊಳ್ಳುವ ಮಿಶ್ರ ವ್ಯವಸ್ಥೆಯನ್ನು ಕಟ್ಟಬೇಕಾಯಿತು.

ಎರಡನೆಯ ತೊಡಕು ಇನ್ನೂ ಆಳವಾದದ್ದು, ಏಕೆಂದರೆ ಅದು ಎರಡು ಕಡೆಯವರ ಆಲೋಚನಾಕ್ರಮಕ್ಕೇ ಸಂಬಂಧಿಸಿದ್ದು. ಒಂದು ತಂತ್ರಾಂಶದೊಳಗೆ ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳನ್ನು ಥ್ರೆಡ್‌ಗಳೆನ್ನುತ್ತಾರೆ. ಬಿಒಎಸ್‌ನಿಂದ ಬಂದ ಪದ್ಧತಿಯಂತೆ ಹೈಕುವಿನಲ್ಲಿ ಪ್ರತಿಯೊಂದು ಕಿಟಕಿಗೂ ತನ್ನದೇ ಆದ ಥ್ರೆಡ್ ಇರುತ್ತದೆ. ಒಂದು ಕಿಟಕಿಯ ಕೆಲಸ ಎಷ್ಟೇ ತಡವಾದರೂ ಇನ್ನೊಂದು ಕಿಟಕಿ ಒತ್ತಿದ ಗುಂಡಿಗೆ ಕೂಡಲೇ ಓಗೊಡುವುದು ಈ ಪದ್ಧತಿಯ ಸೊಗಸು. ವೆಬ್‌ಕಿಟ್‌ನ ಕಟ್ಟಡವು ಇದಕ್ಕೆ ವಿರುದ್ಧವಾದ ನಂಬಿಕೆಯ ಮೇಲೆ ನಿಂತಿದೆ: ಪುಟದ ರಚನೆಯನ್ನು ಮುಟ್ಟುವ ಕೆಲಸವೆಲ್ಲ ಒಂದೇ ಮುಖ್ಯ ಥ್ರೆಡ್‌ನಲ್ಲಿ ನಡೆಯಬೇಕು, ಬೇರೆ ಎಳೆಯೊಂದು ನಡುವೆ ಕೈಯಿಟ್ಟರೆ ಪುಟದ ಮಾಹಿತಿ ಕಲಸಿಹೋಗುತ್ತದೆ. ಈ ಎರಡನ್ನು ಕೂಡಿಸಲು ಹೈಕುವಿನಲ್ಲಿ ಕಂಡುಕೊಂಡ ದಾರಿ ಸರಳವೂ ಜಾಣತನದ್ದೂ ಆಗಿದೆ. ಎಂಜಿನ್ ತಂತ್ರಾಂಶದ ಮುಖ್ಯ ಥ್ರೆಡ್‌ನಲ್ಲಿಯೇ ಇದ್ದು, ಪರದೆಯ ಮೇಲೆ ನೇರವಾಗಿ ಚಿತ್ರಿಸದೆ ಮೆಮೊರಿಯಲ್ಲಿ ಕಾದಿರಿಸಿದ ಒಂದು ಮರೆಯ ಹಾಳೆಯ ಮೇಲೆ ಪುಟವನ್ನು ಬರೆಯುತ್ತದೆ. ಕಿಟಕಿಯ ಥ್ರೆಡ್ ತನಗೆ ಬೇಕೆನಿಸಿದಾಗ ಆ ಹಾಳೆಯನ್ನು ಪರದೆಗೆ ನಕಲಿಸಿಕೊಳ್ಳುತ್ತದೆ. ಮೌಸಿನ ಚಲನೆ, ಕೀಲಿಯ ಒತ್ತು ಮೊದಲಾದ ಸುದ್ದಿಗಳು ಎರಡರ ನಡುವೆ ಸಂದೇಶಗಳಾಗಿ ಓಡಾಡುತ್ತವೆ. ಎಂಜಿನ್ ಯಾವುದೋ ಭಾರವಾದ ಪುಟದಲ್ಲಿ ಸಿಕ್ಕಿಕೊಂಡಿದ್ದಾಗಲೂ ಕಿಟಕಿಯನ್ನು ಎಳೆದಾಡಲು ಸಾಧ್ಯವಾಗುವುದು ಇದರಿಂದಲೇ. ಹೊಸ ತಂತ್ರಾಂಶಕ್ಕಾಗಿ ತನ್ನ ಗುಣವನ್ನು ಬಿಟ್ಟುಕೊಡದೆ ಅದನ್ನು ಬರಮಾಡಿಕೊಂಡ ಇಂತಹ ಪರಿಹಾರಗಳಲ್ಲಿಯೇ ಪೋರ್ಟಿಂಗ್ ಒಂದು ಸೃಜನಶೀಲ ಕೆಲಸವೆಂಬುದು ಕಾಣುತ್ತದೆ.

ಮೆಮೊರಿಯ ವಿಷಯದಲ್ಲಿಯೂ ಆಧುನಿಕ ಎಂಜಿನ್‌ಗಳ ಬೇಡಿಕೆಗಳು ವಿಶೇಷವಾದವು. ವೇಗಕ್ಕಾಗಿ ಅವು ಜಾವಾಸ್ಕ್ರಿಪ್ಟ್ ಆದೇಶಗಳನ್ನು ನಡೆಸುತ್ತಿರುವಾಗಲೇ ಯಂತ್ರಭಾಷೆಗೆ ಮಾರ್ಪಡಿಸುತ್ತವೆ. ಬರೆಯುವುದಕ್ಕೂ ನಡೆಸುವುದಕ್ಕೂ ತೆರೆದಿರುವ ಮೆಮೊರಿಯನ್ನು ಸಿಸ್ಟಮ್ ಇದಕ್ಕಾಗಿ ಎಚ್ಚರದಿಂದ ಕೊಡಬೇಕು. ಅಲ್ಲದೆ, ನಿಜವಾಗಿ ಬಳಸದಿದ್ದರೂ ಹಲವು ಗಿಗಾಬೈಟ್‌ಗಳಷ್ಟು ವಿಳಾಸಗಳನ್ನು ಮೊದಲೇ ತಮ್ಮ ಹೆಸರಿಗೆ ಕಾಯ್ದಿರಿಸಿಕೊಳ್ಳುವ ಅಭ್ಯಾಸವೂ ಅವುಗಳಿಗಿದೆ. ಕೇಳಿದಷ್ಟು ಮೆಮೊರಿ ನಿಜವಾಗಿ ಇದ್ದರೆ ಮಾತ್ರ ಹೂಂಗುಟ್ಟುವ ಪ್ರಾಮಾಣಿಕ ಸಿಸ್ಟಮ್ ಇಂತಹ ಬೇಡಿಕೆಯನ್ನು ತಿರಸ್ಕರಿಸುತ್ತದೆ, ಬ್ರೌಸರ್ ತೆರೆಯುವ ಮೊದಲೇ ಮುಚ್ಚಿಹೋಗುತ್ತದೆ.

ಕನ್ನಡದ ಓದುಗರಿಗೆ ನೇರವಾಗಿ ತಟ್ಟುವ ಅಂಶವಿರುವುದು ಅಕ್ಷರ ಮೂಡಿಸುವ ಭಾಗದಲ್ಲಿ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಒಂದು ಸಂಕೇತಕ್ಕೆ ಒಂದು ಆಕೃತಿಯಾದ್ದರಿಂದ, ಫಾಂಟಿನಿಂದ ಆಕೃತಿಗಳನ್ನು ತೆಗೆದು ಸಾಲಾಗಿ ಇಟ್ಟರೆ ಬಹುಮಟ್ಟಿಗೆ ಕೆಲಸ ಮುಗಿಯುತ್ತದೆ. ಕನ್ನಡದ ಸ್ಥಿತಿ ಹಾಗಲ್ಲ. ‘ಸ್ತ್ರೀ’ ಎಂಬ ಒಂದು ಅಕ್ಷರ ಯೂನಿಕೋಡ್‌ನಲ್ಲಿ ಆರು ಸಂಕೇತಗಳ ಸಾಲು; ‘ಸೂರ್ಯ’ ಎಂಬಲ್ಲಿ ರಕಾರ ಮೊದಲು ದಾಖಲಾಗಿದ್ದರೂ ಬರವಣಿಗೆಯಲ್ಲಿ ಅದು ಯಕಾರದ ನಂತರ ಅರ್ಕಾವೊತ್ತಾಗಿ ಕೂರಬೇಕು. ಸಂಕೇತಗಳ ಸಾಲನ್ನು ಫಾಂಟಿನ ನಿಯಮಗಳಂತೆ ಒತ್ತಕ್ಷರ, ಗುಣಿತಾಕ್ಷರಗಳಾಗಿ ಕೂಡಿಸುವ ಈ ಹಂತವನ್ನು ಶೇಪಿಂಗ್ ಎನ್ನುತ್ತಾರೆ. ಫೈರ್‌ಫಾಕ್ಸ್ ಮತ್ತು ಕ್ರೋಮ್‌ಗಳಲ್ಲಿ ಅದನ್ನು ಹಾರ್ಫ್‌ಬಜ್ ಎಂಬ ಮುಕ್ತ ಗ್ರಂಥಾಲಯ ಮಾಡುತ್ತದೆ. ಅಕ್ಷರ ಮೂಡಿಸುವ ಕೆಲಸವನ್ನು ಎಂಜಿನ್ ಪೂರ್ತಿಯಾಗಿ ಸಿಸ್ಟಮ್‌ಗೇ ಒಪ್ಪಿಸಿದ್ದು, ಆ ಸಿಸ್ಟಮ್‌ಗೆ ಶೇಪಿಂಗ್ ಬಾರದಿದ್ದರೆ, ಕನ್ನಡದ ಪುಟದಲ್ಲಿ ಒತ್ತುಗಳೆಲ್ಲ ಬಿಡಿ ಅಕ್ಷರಗಳಾಗಿ, ನಡುನಡುವೆ ಹಲಂತದ ಗುರುತುಗಳಾಗಿ ಚೆದುರಿ ಬೀಳುತ್ತವೆ. ಪುಟ ತೆರೆದುಕೊಂಡಿತು ಎಂದು ಪೋರ್ಟಿಂಗ್ ಮಾಡಿದವರು ಸಂತೋಷಪಡುವ ಹೊತ್ತಿಗೆ ಕನ್ನಡ, ತಮಿಳು, ಬಂಗಾಳಿ ಓದುವವರಿಗೆ ಅದು ಇನ್ನೂ ತೆರೆದಿರುವುದಿಲ್ಲ. ಹವ್ಯಾಸಿ ಯೋಜನೆಗಳಲ್ಲಿ ಈ ಭಾಷೆಗಳನ್ನು ಬಲ್ಲವರು ಪಾಲ್ಗೊಳ್ಳುವ ಅಗತ್ಯ ಇಲ್ಲಿ ಎಲ್ಲಕ್ಕಿಂತ ಹೆಚ್ಚಾಗಿದೆ.

ಕಸಿ ಒಮ್ಮೆ ಹತ್ತಿದರೂ ಆರೈಕೆ ಮುಗಿಯುವುದಿಲ್ಲ. ವೆಬ್‌ಕಿಟ್‌ಗೆ ದಿನವೂ ಹತ್ತಾರು ತಿದ್ದುಪಡಿಗಳು ಸೇರುತ್ತವೆ, ಅವುಗಳಲ್ಲಿ ಭದ್ರತೆಗೆ ಸಂಬಂಧಿಸಿದವೂ ಇರುತ್ತವೆ. ಅವನ್ನು ತರಿಸಿಕೊಂಡು, ಮುರಿದ ಕಡೆಗಳನ್ನು ಕಟ್ಟಿ, ಮತ್ತೆ ಪರೀಕ್ಷಿಸುವ ಕೆಲಸ ಒಬ್ಬಿಬ್ಬರ ಹೆಗಲ ಮೇಲೆ ಬೀಳುತ್ತದೆ. ಹೈಕು ಬಳಗವು 2013ರಲ್ಲಿ ದೇಣಿಗೆಯ ಹಣದಿಂದ ಆದ್ರಿಯಾನ್ ದೆಸ್ತ್ಯುಗ್ ಅವರನ್ನು ಈ ಕೆಲಸಕ್ಕೆಂದೇ ಗುತ್ತಿಗೆಯ ಮೇಲೆ ನೇಮಿಸಿಕೊಂಡಿತು. ಆದರೂ ಅಂತರ ಉಳಿಯಿತು. ಪುಟಗಳನ್ನು ಬ್ರೌಸರಿನ ಕಿಟಕಿಯಿಂದ ಬೇರೆಯಾದ ಪ್ರಕ್ರಿಯೆಯಲ್ಲಿ, ಅಂದರೆ ಪ್ರತ್ಯೇಕವಾಗಿ ಓಡುವ ತಂತ್ರಾಂಶವಾಗಿ, ನಡೆಸುವ ಹೊಸ ವಿನ್ಯಾಸವನ್ನು ವೆಬ್‌ಕಿಟ್ 2010ರಲ್ಲಿಯೇ ಪ್ರಕಟಿಸಿದ್ದರೂ, ವೆಬ್‌ಪಾಸಿಟಿವ್ ಹಳೆಯ ಏಕಪ್ರಕ್ರಿಯೆಯ ವಿನ್ಯಾಸದಲ್ಲಿಯೇ ಮುಂದುವರಿದದ್ದರಿಂದ, ಒಂದು ಪುಟ ಕುಸಿದರೆ ಇಡೀ ಬ್ರೌಸರ್ ಕುಸಿಯುವ ಕಷ್ಟ ತಪ್ಪಲಿಲ್ಲ.

ಈ ನಡುವೆ ಬೇರೊಂದು ದಾರಿಯೂ ತೆರೆದುಕೊಂಡಿತು. ಎಂಜಿನನ್ನು ಹೈಕುವಿಗೆ ಒಗ್ಗಿಸುವ ಬದಲು, ಲಿನಕ್ಸ್‌ನ ಬ್ರೌಸರುಗಳು ಯಾವ ನೆಲದ ಮೇಲೆ ನಿಂತಿವೆಯೋ ಆ ನೆಲವನ್ನೇ ಹೈಕುವಿಗೆ ತರುವ ದಾರಿ ಅದು. ಲಿನಕ್ಸ್‌ನಲ್ಲಿ ತಂತ್ರಾಂಶಗಳಿಗೂ ಪರದೆಗೂ ನಡುವಣ ಒಪ್ಪಂದವಾದ ವೇಲ್ಯಾಂಡ್ ಅನ್ನು ಹೈಕುವಿನ ಮೇಲೆ ಅನುಕರಿಸುವ ಒಂದು ಪದರ ಸಿದ್ಧವಾದ ಮೇಲೆ, ಗ್ನೋಮ್ ಬಳಗದ ಎಪಿಫನಿ ಬ್ರೌಸರ್ ಅಲ್ಲಿ ತೆರೆದುಕೊಂಡಿತು. ಅನಂತರ ಫೈರ್‌ಫಾಕ್ಸ್ ಕೂಡ ಐಸ್‌ವೀಸಲ್ ಎಂಬ ಬೇರೆ ಹೆಸರಿನಲ್ಲಿ ಬಂತು. ಬಳಸುವವರಿಗೆ ಇದು ದೊಡ್ಡ ನೆರವು. ಆದರೆ ಇಲ್ಲಿ ಬರುವುದು ಬ್ರೌಸರ್ ಒಂದೇ ಅಲ್ಲ, ಅದರ ಗುಂಡಿಗಳ ರೂಪ, ಕಡತ ತೆರೆಯುವ ರೀತಿ, ಥ್ರೆಡ್‌ಗಳ ಶಿಸ್ತು ಎಲ್ಲವೂ ಲಿನಕ್ಸಿನವೇ ಆಗಿರುತ್ತವೆ. ಸಿಸ್ಟಮ್‌ನ ವ್ಯಕ್ತಿತ್ವವನ್ನು ಮೆಚ್ಚಿ ಬಂದವರು ದಿನದ ಬಹುಭಾಗವನ್ನು ಬೇರೆಯವರ ಮನೆಯಲ್ಲಿ ಕಳೆದಂತಾಗುತ್ತದೆ. ಕೊರತೆಗಳ ನಡುವೆಯೂ ವೆಬ್‌ಪಾಸಿಟಿವ್‌ಗೆ ಸಲ್ಲುವ ಗೌರವಕ್ಕೆ ಇದೇ ಆಧಾರ.

ಮೂರನೆಯ ದಾರಿಯಾದ ಸ್ವಂತ ಎಂಜಿನ್ ಬರೆಯುವ ಸಾಹಸವನ್ನು ಕೈಗೊಂಡದ್ದು ಸೆರೆನಿಟಿಒಎಸ್ ಎಂಬ ಇನ್ನೊಂದು ಹವ್ಯಾಸಿ ಸಿಸ್ಟಮ್. ಹಿಂದೆ ವೆಬ್‌ಕಿಟ್‌ನಲ್ಲಿಯೇ ದುಡಿದಿದ್ದ ಸ್ವೀಡನ್ನಿನ ಆಂಡ್ರಿಯಾಸ್ ಕ್ಲಿಂಗ್ 2018ರಲ್ಲಿ ಅದನ್ನು ಆರಂಭಿಸಿದರು. ತಪ್ಪಾಗಿ ಬರೆದ ಎಚ್‌ಟಿಎಂಎಲ್ ಪುಟವನ್ನು ಹೇಗೆ ಓದಬೇಕೆಂಬುದನ್ನೂ ಹೆಜ್ಜೆಹೆಜ್ಜೆಯಾಗಿ ಬರೆದಿಟ್ಟ ಇಂದಿನ ಜಾಲಮಾನಕಗಳಿಂದಾಗಿ, ಬೇರೆ ಬ್ರೌಸರುಗಳ ನಡತೆಯನ್ನು ಊಹಿಸದೆ ದಾಖಲೆಯನ್ನೇ ಓದಿಕೊಂಡು ಎಂಜಿನ್ ಬರೆಯುವುದು ಅವರ ಬಳಗಕ್ಕೆ ಸಾಧ್ಯವಾಯಿತು. ಲೇಡಿಬರ್ಡ್ ಎಂಬ ಹೆಸರು ಪಡೆದ ಆ ಬ್ರೌಸರ್ ಬೆಳೆದು, 2024ರ ಜೂನ್‌ನಲ್ಲಿ ಪ್ರತ್ಯೇಕ ಯೋಜನೆಯಾಗಿ ಸಿಡಿದು ಹೊರಬಂದಾಗ, ಲಿನಕ್ಸ್ ಮತ್ತು ಮ್ಯಾಕ್‌ಒಎಸ್‌ಗಳನ್ನು ತನ್ನ ನೆಲೆಯಾಗಿ ಇಟ್ಟುಕೊಂಡು ಸೆರೆನಿಟಿಒಎಸ್‌ನ ಬೆಂಬಲವನ್ನು ಕೈಬಿಟ್ಟಿತು. ಅಂದಿನಿಂದ ಸೆರೆನಿಟಿಒಎಸ್‌ನ ಬಳಗವು ತನ್ನಲ್ಲಿ ಉಳಿದ ಎಂಜಿನ್‌ನ ಪ್ರತಿಗೆ ಲೇಡಿಬರ್ಡ್‌ನ ತಿದ್ದುಪಡಿಗಳನ್ನು ಒಂದೊಂದಾಗಿ ಆರಿಸಿ ತಂದು ಹೊಂದಿಸಿಕೊಳ್ಳುತ್ತಿದೆ.