ಮೊಲದ ಕಣ್ಣು ಮತ್ತು ಶಾಂಪೂ ಬಾಟಲಿ

ಶಾಂಪೂ ಕಣ್ಣಿಗೆ ಬಿದ್ದರೆ ಉರಿಯಷ್ಟೇ ಆಗುತ್ತದೆಯೇ, ಗಾಯವೂ ಆಗುತ್ತದೆಯೇ ಎಂದು ತಿಳಿಯಲು ದಶಕಗಳ ಕಾಲ ಬಳಸಿದ್ದು ಡ್ರೇಜ್ ಪರೀಕ್ಷೆಯನ್ನು. ಅಮೆರಿಕದ ವಿಷವಿಜ್ಞಾನಿ ಜಾನ್ ಡ್ರೇಜ್ 1944ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ಬಿಳಿ ಮೊಲದ ಒಂದು ಕಣ್ಣಿಗೆ ರಾಸಾಯನಿಕ ಹಾಕುತ್ತಾರೆ. ಇನ್ನೊಂದು ಕಣ್ಣು ಹೋಲಿಕೆಗೆ. ಮುಂದಿನ ದಿನಗಳಲ್ಲಿ ಕೆಂಪು, ಊತ, ಕಾರ್ನಿಯಾದ ಮಬ್ಬಿಗೆ ಅಂಕ ಕೊಡುತ್ತಾರೆ. ಮೊಲದ ಕಾರ್ನಿಯಾ ಮನುಷ್ಯನದಕ್ಕಿಂತ ತೆಳು. ಅದು ರೆಪ್ಪೆ ಬಡಿಯುವುದೂ ಕಡಿಮೆ. ಅಷ್ಟು ನೋವು ಕೊಟ್ಟು ಪಡೆದ ಉತ್ತರ ಮನುಷ್ಯನ ಕಣ್ಣಿಗೆ ಸರಿಯಾಗಿ ಹೊಂದುತ್ತಲೂ ಇರಲಿಲ್ಲ.

ಈಗ ಬೇರೆ ದಾರಿಗಳಿವೆ. ಚರ್ಮಕ್ಕಾಗುವ ಹಾನಿ ತಿಳಿಯಲು, ಶಸ್ತ್ರಚಿಕಿತ್ಸೆಯಲ್ಲಿ ಉಳಿದ ಮನುಷ್ಯರ ಚರ್ಮದಿಂದ ಜೀವಕೋಶ ತೆಗೆದು, ಪ್ರಯೋಗಾಲಯದಲ್ಲಿ ಪದರ ಪದರವಾಗಿ ಹೊರಚರ್ಮ ಬೆಳೆಸುತ್ತಾರೆ. ಅದರ ಮೇಲೆ ವಸ್ತುವನ್ನು ಸವರಿ, ನಂತರ ಹಳದಿ ಬಣ್ಣದ ರಾಸಾಯನಿಕವೊಂದನ್ನು ಸೇರಿಸಿದರೆ ಬದುಕಿರುವ ಕೋಶಗಳು ಅದನ್ನು ನೇರಳೆಗೆ ತಿರುಗಿಸುತ್ತವೆ. ನೇರಳೆ ಕಡಿಮೆಯಾದಷ್ಟೂ ಹಾನಿ ಹೆಚ್ಚು.

ಭಾರತ 2014ರ ಮೇ ತಿಂಗಳಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಿತು. ಹಾಗೆ ಪರೀಕ್ಷಿಸಿದ ಸರಕಿನ ಆಮದಿಗೂ ಅದೇ ನವೆಂಬರ್‌ನಲ್ಲಿ ತಡೆ ಬಿತ್ತು. ಆದ್ದರಿಂದ ಕಾಪು ಪೇಟೆಯಲ್ಲೋ ಕಾರ್ಕಳದ ಅಂಗಡಿಯಲ್ಲೋ ಸಿಗುವ ದೇಶಿ ಶಾಂಪೂ, ಪೌಡರ್‌ಗಳ ಮಟ್ಟಿಗೆ ಗ್ರಾಹಕನ ಕೆಲಸವನ್ನು ಕಾನೂನೇ ಬಹುಪಾಲು ಮಾಡಿದೆ. ನೆಲ ಒರೆಸುವ ದ್ರಾವಣ, ಬಟ್ಟೆ ತೊಳೆಯುವ ಪುಡಿ ಮಾತ್ರ ಸೌಂದರ್ಯವರ್ಧಕಗಳಲ್ಲ. ಅವುಗಳಿಗೆ ಈ ನಿಷೇಧ ಅನ್ವಯಿಸದು. ಲೇಬಲ್ ಓದಬೇಕಾದದ್ದು ಮುಖ್ಯವಾಗಿ ಅಲ್ಲೇ. ಬರೀ ಮೊಲದ ಚಿತ್ರ ಕಂಪನಿಯ ಮಾತಷ್ಟೇ. ‘ಲೀಪಿಂಗ್ ಬನ್ನಿ’ಯಂಥ ಮಾನ್ಯತೆ ಇದ್ದರೆ ಕಚ್ಚಾವಸ್ತು ಪೂರೈಸುವವರವರೆಗೂ ತಪಾಸಣೆ ನಡೆದಿರುತ್ತದೆ. ಹಸಿರು ಚುಕ್ಕಿಯ ಅರ್ಥವೇ ಬೇರೆ: ಒಳಗೆ ಪ್ರಾಣಿಜನ್ಯ ಕೊಬ್ಬು, ಕೀಟದಿಂದ ತೆಗೆದ ಕಾರ್ಮೈನ್ ಬಣ್ಣದಂಥವು ಇಲ್ಲ ಎಂದು ಮಾತ್ರ. ಉಡುಪಿಯಂಥ ಸಸ್ಯಾಹಾರಕ್ಕೆ ಹೆಸರಾದ ಊರಿನಲ್ಲಿ ಇವೆರಡೂ ಒಂದೇ ಎಂದು ಭಾವಿಸುವುದು ಸುಲಭ.

ಔಷಧಗಳ ಪ್ರಶ್ನೆ ಇನ್ನೂ ಕಠಿಣ. ಕಸ್ತೂರ್ಬಾ ವೈದ್ಯಕೀಯ ಕಾಲೇಜು 1953ರಲ್ಲಿ ಆರಂಭವಾದ ಮಣಿಪಾಲದಲ್ಲಿ ಇಲಿಗಳ ಮೇಲಿನ ಔಷಧ ಸಂಶೋಧನೆ ಇಂದಿಗೂ ನಡೆಯುತ್ತದೆ. ಪ್ರತಿ ಪ್ರಯೋಗಕ್ಕೂ ಸಾಂಸ್ಥಿಕ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಅದರಲ್ಲಿ ಪಶುವೈದ್ಯರು, ಹೊರಗಿನ ವಿಜ್ಞಾನಿ, ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ ಕೇಂದ್ರ ಸಮಿತಿಯ ನಾಮನಿರ್ದೇಶಿತರು ಮತ್ತು ವಿಜ್ಞಾನಿಯಲ್ಲದ ಒಬ್ಬ ನಾಗರಿಕ ಇರಬೇಕೆಂಬುದು ನಿಯಮ. ಈ ಕೊನೆಯ ಕುರ್ಚಿಯೇ ಬಹಳ ಮುಖ್ಯವಾದದ್ದು. ಸಮಿತಿ ಕೇಳಬೇಕಾದ, ಪ್ರಾಣಿಯ ಬದಲು ಬೇರೆ ವಿಧಾನ ಇದೆಯೇ, ಸಂಖ್ಯೆ ಇಳಿಸಬಹುದೇ, ನೋವು ತಗ್ಗಿಸಬಹುದೇ ಎಂಬ ಮೂರು ಪ್ರಶ್ನೆಗಳನ್ನು ರಸೆಲ್ ಮತ್ತು ಬರ್ಚ್ ಎಂಬ ಬ್ರಿಟಿಷ್ ವಿಜ್ಞಾನಿಗಳು 1959ರಲ್ಲೇ ಮುಂದಿಟ್ಟಿದ್ದರು.

ಪಾಠದ ಕೊಠಡಿಯಲ್ಲಿ ಬದಲಾವಣೆ ಬೇಗ ಬಂತು. ಒಂದು ಕಾಲದಲ್ಲಿ ಕಪ್ಪೆಯ ಸ್ನಾಯು, ಹೃದಯದ ಮೇಲೆ ಕಲಿಯುತ್ತಿದ್ದುದನ್ನು ಕಂಪ್ಯೂಟರ್ ಮಾದರಿಗಳಲ್ಲಿ ಕಲಿಸಲು ವೈದ್ಯಕೀಯ ಪರಿಷತ್ತು 2014ರಲ್ಲಿ ಅನುವು ಮಾಡಿಕೊಟ್ಟಿತು. ಹೊಸ ಔಷಧದ ಪರೀಕ್ಷೆಯಲ್ಲೂ ಕೋಶ ಆಧಾರಿತ ವಿಧಾನಗಳಿಗೆ ಕೇಂದ್ರದ ನಿಯಮಗಳು 2023ರಲ್ಲಿ ದಾರಿ ತೆರೆದವು. ಆದರೂ ಯಕೃತ್ತಿನಲ್ಲಿ ಮಾರ್ಪಟ್ಟ ಔಷಧ ಮೂತ್ರಪಿಂಡವನ್ನೋ ಗರ್ಭದ ಶಿಶುವನ್ನೋ ಹೇಗೆ ತಟ್ಟುತ್ತದೆ ಎಂಬುದನ್ನು ತಟ್ಟೆಯಲ್ಲಿ ಬೆಳೆದ ಕೋಶಗಳು ಇನ್ನೂ ಪೂರ್ತಿಯಾಗಿ ಹೇಳಲಾರವು. ಇಲಿಯ ಬಳಕೆ ಉಳಿದಿರುವುದು ಈ ಕಾರಣಕ್ಕೆ.